ಡಿಕನ್ಸ್‌ನನ್ನು ಕಂತಿನಲ್ಲೇ ಓದಿ

ವಾರಪತ್ರಿಕೆ ಬಂದ ದಿನ ನಮ್ಮಮ್ಮ ಮೊದಲು ತೆರೆಯುತ್ತಿದ್ದುದು ಧಾರಾವಾಹಿಯ ಪುಟ. ಮನೆಯವರೆಲ್ಲ ಓದಿಯಾದ ಮೇಲೆ ಆ ಹಾಳೆಗಳನ್ನು ಜೋಪಾನವಾಗಿ ಕಿತ್ತು ಟ್ರಂಕಿಗೆ ಸೇರಿಸುವಳು. ಕಥೆ ಮುಗಿದ ವಾರ ದಬ್ಬಣ ಹಿಡಿದು ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದರೆ ಕಾದಂಬರಿ ಸಿದ್ಧ. ಚಾರ್ಲ್ಸ್ ಡಿಕನ್ಸ್‌ನ ಎಂಟುನೂರು ಪುಟದ ಪುಸ್ತಕ ಕಂಡು ಹೆದರುವವರಿಗೆ ನಾನು ಮೊದಲು ಹೇಳುವುದು ಈ ಟ್ರಂಕಿನ ಸಂಗತಿ. ಅವನ ಕಾದಂಬರಿಗಳೂ ಹೀಗೆ ಬಿಡಿಬಿಡಿಯಾಗಿ ಹುಟ್ಟಿ ಆಮೇಲೆ ಹೊಲಿಗೆ ಕಂಡವು.

1836ರ ಏಪ್ರಿಲ್‌ನಲ್ಲಿ ‘ಪಿಕ್‌ವಿಕ್ ಪೇಪರ್ಸ್’ ತಿಂಗಳಿಗೊಂದು ಕಂತಿನಂತೆ ಹೊರಡತೊಡಗಿದಾಗ ಡಿಕನ್ಸ್‌ಗೆ 24 ವರ್ಷ. ತೆಳು ಕಾಗದದ ಹೊದಿಕೆ, ಬೆಲೆ ಒಂದು ಶಿಲ್ಲಿಂಗ್. ಆಗ ಮೂರು ಸಂಪುಟದ ಕಾದಂಬರಿ ಕೊಳ್ಳಲು ಮೂವತ್ತೊಂದೂವರೆ ಶಿಲ್ಲಿಂಗ್ ಬೇಕಿತ್ತು. ಗುಮಾಸ್ತರಿಗೆ, ಅಂಗಡಿಯ ಹುಡುಗರಿಗೆ ಅದು ಎಟುಕದ ಮಾತು. ಮೊದಮೊದಲು ನಾನೂರರಷ್ಟು ಪ್ರತಿ ಖರ್ಚಾಗುತ್ತಿದ್ದ ಪಿಕ್‌ವಿಕ್, ಸ್ಯಾಮ್ ವೆಲ್ಲರ್ ಎಂಬ ಬಾಯಿಬಡುಕ ಸೇವಕ ಕಾಲಿಟ್ಟ ಮೇಲೆ ಏರುತ್ತ ಏರುತ್ತ ನಲವತ್ತು ಸಾವಿರ ಮುಟ್ಟಿತು.

ಹೊಸಬರು ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ನಿಂದ ಶುರುಮಾಡಲಿ. ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಬೇರೊಬ್ಬರ ಧಾರಾವಾಹಿ ಓದುಗರಿಗೆ ಹಿಡಿಸದೆ ಮಾರಾಟ ಇಳಿಯಿತು. ಅದನ್ನೆತ್ತಲು 1860ರ ಡಿಸೆಂಬರ್ 1ರಿಂದ ತಾನೇ ಬರೆಯಲು ಕೂತ. ಮೊದಲ ವಾರಕ್ಕೆ ಎರಡೇ ಅಧ್ಯಾಯ. ಸ್ಮಶಾನದಲ್ಲಿ ತಪ್ಪಿಸಿಕೊಂಡ ಕೈದಿಯೊಬ್ಬ ಪಿಪ್ ಎಂಬ ಪುಟ್ಟ ಹುಡುಗನನ್ನು ಹಿಡಿದು, ಅರ ಮತ್ತು ಊಟ ತರದಿದ್ದರೆ ಕೊಲ್ಲಿಸುತ್ತೇನೆಂದು ಬೆದರಿಸುತ್ತಾನೆ. ಹುಡುಗ ನಸುಕಿನಲ್ಲೆದ್ದು ಅಕ್ಕನ ಉಗ್ರಾಣದಿಂದ ತಿಂಡಿ ಕದ್ದು, ಭಾವನ ಕುಲುಮೆಯಿಂದ ಅರ ಎತ್ತಿಕೊಂಡು ಮಂಜು ಕವಿದ ಜೌಗಿನತ್ತ ಓಡುತ್ತಾನೆ. ಸಶೇಷ! ನೀವೂ ಅಲ್ಲಿಗೇ ಪುಸ್ತಕ ಮುಚ್ಚಿ. ಕಷ್ಟ, ಗೊತ್ತು. ಆದರೆ ಒಂದು ದಿನವಾದರೂ ಪಿಪ್‌ನನ್ನು ಆ ಮಂಜಿನಲ್ಲೇ ಬಿಟ್ಟು ನೋಡಿ. ಸಾರು ಕುದಿಸುವಾಗ, ಬಸ್ಸಿಗೆ ಕಾಯುವಾಗ ಅವನು ನಿಮ್ಮ ತಲೆಯಲ್ಲಿ ಓಡುತ್ತಲೇ ಇರುತ್ತಾನೆ. ಆ ಕಾಯುವಿಕೆಯನ್ನೂ ಲೆಕ್ಕಹಾಕಿಯೇ ಡಿಕನ್ಸ್ ಕಥೆ ಕಟ್ಟಿದ್ದು.

ಇನ್ನು ಪಾತ್ರಗಳ ಚಾಳಿಗಳು. ವಿದ್ಯಾವಂತರು ಮೂಗು ಮುರಿಯುವುದೂ ಇಲ್ಲಿಯೇ: ಇನ್ನೊಂದು ಕಾದಂಬರಿಯ ಉರಾಯಾ ಹೀಪ್ ಬಂದಾಗಲೆಲ್ಲ ಮೈ ನುಲಿಯುತ್ತಾನೆ, ಪಿಪ್‌ನ ಕಥೆಯ ವಕೀಲ ಜ್ಯಾಗರ್ಸ್ ಪ್ರತಿ ಕಕ್ಷಿಗಾರ ಹೋದ ಮೇಲೂ ವಾಸನೆ ಸಾಬೂನು ಹಚ್ಚಿ ಕೈ ತೊಳೆಯುತ್ತಾನೆ. ಇದೇನು ಯಕ್ಷಗಾನದ ವೇಷವೇ ಎನ್ನುತ್ತಾರೆ. ಹೌದು ಸ್ವಾಮಿ, ಹತ್ತಿರ ಹತ್ತಿರ ಅದೇ. ರಂಗದ ಆ ತುದಿಯಲ್ಲಿ ಕಂಡರೂ ಬಣ್ಣದ ವೇಷದ ಗುರುತು ಸಿಗಬೇಕಲ್ಲ? ಹಾಗೆಯೇ ತಿಂಗಳ ಹಿಂದೆ ಓದಿದವನಿಗೂ ಪಾತ್ರ ಥಟ್ಟನೆ ನೆನಪಾಗಬೇಕು.

ಆದರೆ ಒಳ್ಳೆಯ ಡಿಕನ್ಸ್ ಗುರುತಿಗಷ್ಟೇ ನಿಲ್ಲುವುದಿಲ್ಲ. ಜ್ಯಾಗರ್ಸ್‌ನ ಗುಮಾಸ್ತ ವೆಮ್ಮಿಕ್‌ನನ್ನು ನೋಡಿ. ಕಚೇರಿಯಲ್ಲಿ ಅವನ ಬಾಯಿ ಅಂಚೆಡಬ್ಬಿಯ ಸೀಳಿನಂತೆ. ಒಳಗೆ ಹೋದದ್ದು ಹೊರಗೆ ಬಾರದು. ವಾಲ್ವರ್ತ್‌ನಲ್ಲಿ ಅವನದೊಂದು ಗೂಡಿನಂಥ ಮನೆ. ಅದಕ್ಕೆ ಕೋಟೆಯ ಠೀವಿ: ಸುತ್ತ ನಾಲ್ಕಡಿ ಅಗಲದ ಕಂದಕ, ಎತ್ತಿಡುವ ಹಲಗೆ ಸೇತುವೆ. ರಾತ್ರಿ ಒಂಬತ್ತಕ್ಕೆ ಪುಟ್ಟ ಫಿರಂಗಿ ಹಾರಿಸುತ್ತಾನೆ. ಕಿವಿ ಕೇಳದ ಮುದಿ ತಂದೆಗೆ ಅದೊಂದು ಸದ್ದು ಕೇಳಿಸುತ್ತದೆ, ಮುದುಕ ಹಿಗ್ಗುತ್ತಾನೆ. ಮರುದಿನ ಕಚೇರಿಗೆ ನಡೆಯುತ್ತ ನಡೆಯುತ್ತ ವೆಮ್ಮಿಕ್‌ನ ಬಾಯಿ ಮತ್ತೆ ಬಿಗಿದು ಅಂಚೆಡಬ್ಬಿಯಾಗುತ್ತದೆ. ಆ ಒಂದೇ ಚಾಳಿಯ ಮೇಲೆ ಡಿಕನ್ಸ್ ಇಡೀ ನಗರದ ಸಂಬಳದ ಬದುಕನ್ನು ಹೇರಿಬಿಟ್ಟ. ಮನೆಗೆ ಬಂದು ಶರ್ಟಿನ ಗುಂಡಿ ಬಿಚ್ಚಿದಾಗ ಬೇರೆಯೇ ಮನುಷ್ಯನಾಗುವ ಯಾರನ್ನು ಕಂಡರೂ ನನಗೆ ಆ ಫಿರಂಗಿ ಕೇಳಿಸುತ್ತದೆ.

ಗೋಳು ಕರೆಯುವ ಕಡೆ ಅವನು ಅತಿಮಾಡುತ್ತಾನೆ, ನಿಜ. ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ನ ಪುಟ್ಟ ನೆಲ್‌ಳ ಸಾವಿಗೆ ಆ ಕಾಲದವರು ಅತ್ತರು, ನನಗೆ ಕಣ್ಣು ಒದ್ದೆಯಾಗಲಿಲ್ಲ. ಅಂಥ ಪುಟಗಳನ್ನು ಬೇಗ ದಾಟಿ, ಪಾಪವಿಲ್ಲ. ಸಾಲಗಾರರ ಜೈಲಿನ ಪುಟಗಳನ್ನು ಮಾತ್ರ ನಿಧಾನ ಓದಿ. 1824ರಲ್ಲಿ ಡಿಕನ್ಸ್‌ನ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದ. ಹನ್ನೆರಡರ ಮಗ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ.

ಕೊನೆಗೆ ಪಿಪ್‌ನ ಕಥೆ ಮುಗಿಯುವ ಬಗೆ. ಡಿಕನ್ಸ್ ಮೊದಲು ಬರೆದ ಅಂತ್ಯದಲ್ಲಿ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಗಳಿಗೆ ಮಾತಾಡಿ ಅಗಲುತ್ತಾರೆ. ಅವಳಿಗಾಗಲೇ ಬೇರೆ ಮದುವೆಯಾಗಿದೆ. ಗೆಳೆಯ ಬುಲ್ವರ್ ಲಿಟನ್ ಬೇಡವೆಂದಿದ್ದಕ್ಕೆ ಅದನ್ನು ಬಿಟ್ಟು, ಪಾಳುಬಿದ್ದ ತೋಟದಲ್ಲಿ ಇಬ್ಬರ ಕೈಹಿಡಿಸಿ ಮುಗಿಸಿದ. ಈಗಿನ ಹಲವು ಮುದ್ರಣಗಳಲ್ಲಿ ಎರಡೂ ಸಿಗುತ್ತವೆ. ನನಗೆ ಮೊದಲಿನದೇ ಸರಿ ಅನ್ನಿಸಿ, ಎರಡನ್ನೂ ಅಮ್ಮನಿಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಿದ್ದವಳು ತಲೆಯೆತ್ತದೆ ಅಂದಳು: “ಅಷ್ಟು ವಾರ ಕಾಯಿಸಿ ಬೀದೀಲಿ ಬಿಟ್ಟುಹೋಗೋದಾ? ಆ ಸ್ನೇಹಿತ ಹೇಳಿದ್ದೇ ಸರಿ ಕಣೋ.”