ಹಾದಿಯಲ್ಲಿ ಕಂಡವರು

ಜಾನ್ ನೋಯೆಲ್ ಅವರ ‘ದಿ ಎಪಿಕ್ ಆಫ್ ಎವರೆಸ್ಟ್’ (1924) ಮೂಕಿಚಿತ್ರವನ್ನು ಮ್ಯಾಲರಿ ಮತ್ತು ಅರ್ವಿನ್ ಕಣ್ಮರೆಯಾದ ಆರೋಹಣದ ದಾಖಲೆಯೆಂದೇ ನೆನೆಯುವುದು ರೂಢಿ. ನನ್ನನ್ನು ಕಾಡುವುದು ಅದರ ಮೊದಲ ಭಾಗ. ಪರ್ವತದ ಬುಡ ಮುಟ್ಟುವ ಮುನ್ನ ತಂಡ ಟಿಬೆಟ್ಟಿನ ಊರುಗಳನ್ನು ಹಾದುಹೋಗುತ್ತದೆ. ಕ್ಯಾಮೆರಾ ಫಾರಿಯ ಮನೆಗಳನ್ನು, ಶೇಕರ್ ಜೋಂಗಿನ ಮಠವನ್ನು, ಹೆಂಗಸರ ತಲೆಯ ಆಭರಣಗಳನ್ನು ಯಾತ್ರಿಕನ ಕುತೂಹಲದಿಂದ ನೋಡುತ್ತದೆ.

ಆದರೆ ನಡುನಡುವೆ ಬರುವ ಬರಹದ ಫಲಕಗಳು ಆ ಜನರ ಕೊಳೆಯನ್ನೇ ಎತ್ತಿ ಆಡುತ್ತವೆ. ಹುಡುಗನೊಬ್ಬನ ತಲೆಯ ಹೇನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ದೃಶ್ಯ ಟಿಬೆಟ್ಟಿನ ಅಧಿಕಾರಿಗಳನ್ನು ಕೆರಳಿಸಿತು. ಸಾಲದೆಂಬಂತೆ, ಪ್ರದರ್ಶನಕ್ಕೆ ಮೆರುಗು ಬರಲೆಂದು ಏಳು ಲಾಮಾಗಳನ್ನು ಲಂಡನ್ನಿಗೆ ಕರೆತಂದು ರಂಗದ ಮೇಲೆ ಕುಣಿಸಲಾಯಿತು. ಬೇರೆ ಅಸಮಾಧಾನಗಳೂ ಸೇರಿ ಟಿಬೆಟ್ ಬಾಗಿಲು ಮುಚ್ಚಿತು. ಮುಂದಿನ ಬ್ರಿಟಿಷ್ ತಂಡ ಎವರೆಸ್ಟಿಗೆ ಬಂದದ್ದು 1933ರಲ್ಲಿ.

ಶಿಖರದ ಮುಂದೆ ನೋಯೆಲ್ ಅವರಿಗೆ ಅಪಾರ ತಾಳ್ಮೆ. ಮೋಡ ಸರಿಯುವುದನ್ನೂ ನೆರಳು ಇಳಿಯುವುದನ್ನೂ ಅವರು ಕಾದು ಹಿಡಿಯುತ್ತಾರೆ. ಅದರ ಕಾಲುಪಾಲು ತಾಳ್ಮೆಯೂ ಊರಿನವರ ಪಾಲಿಗೆ ಬರಲಿಲ್ಲ. ಚಿತ್ರದ ಸೋಲು ನನಗೆ ಕಾಣುವುದು ಇಲ್ಲಿಯೇ: ಜನರನ್ನು ಅದು ಬೆಟ್ಟದ ಕಥೆಗೆ ಮುನ್ನುಡಿ ಎಂದುಕೊಂಡಿತು. ಬೆಟ್ಟಕ್ಕೆ ಹೋಗುವ ದಾರಿ ಅವರ ಅಂಗಳದ ಮೂಲಕವೇ ಇತ್ತು.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2013ರಲ್ಲಿ ಸರಿಪಡಿಸಿ ಹೊರತಂದ ಪ್ರತಿಯಲ್ಲಿ ಆ ಮುಖಗಳು ನಿಚ್ಚಳವಾಗಿವೆ. ಒಮ್ಮೆಯಾದರೂ ಫಲಕಗಳನ್ನು ಓದದೆ ಅವರನ್ನು ನೋಡಬೇಕು.