ಕನಕದಾಸರ ಕೃತಿಗಳಲ್ಲಿ ದೈವವಿಶ್ವಾಸದ ಸ್ವರೂಪ: ಒಂದು ವಿಮರ್ಶೆ

೧

ಬಾಳಿನ ಕಷ್ಟಗಳಲ್ಲಿ ಮನುಷ್ಯನು ಎದೆಗುಂದಬೇಕಾಗಿಲ್ಲ, ಭಗವಂತನ ರಕ್ಷಣೆ ಎಂದಿಗೂ ತಪ್ಪದು ಎಂಬ ಭರವಸೆಯನ್ನು ಹರಿದಾಸ ಸಾಹಿತ್ಯವು ನಾನಾ ಬಗೆಯಾಗಿ ಸಾರಿದೆ. ಈ ಭರವಸೆಯ ಮಾತು ಕನ್ನಡ ನಾಡಿನಲ್ಲಿ ಬಹುಮಟ್ಟಿಗೆ ಕನಕದಾಸರ ಒಂದು ಕೀರ್ತನೆಯ ಮೂಲಕವೇ ಮನೆಮನೆಗೂ ಮುಟ್ಟಿದೆ. ಕಳವಳಗೊಂಡ ಮನಸ್ಸನ್ನು ಸಂಬೋಧಿಸಿ ಧೈರ್ಯ ಹೇಳುವ ಆ ಕೀರ್ತನೆಯನ್ನು ಕೇಳದ ಕನ್ನಡಿಗರು ವಿರಳ.

ಈ ಕೀರ್ತನೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಭಕ್ತರು ಇದನ್ನು ಸಂಪೂರ್ಣ ಶರಣಾಗತಿಯ ಉಪದೇಶವೆಂದು ಭಾವಿಸುತ್ತಾರೆ. ಇನ್ನು ಕೆಲವರು ಇದೇ ಕಾರಣದಿಂದ ಇದರಲ್ಲಿ ನಿಷ್ಕ್ರಿಯತೆಯ ದೋಷವನ್ನು ಕಾಣುತ್ತಾರೆ: ಹಸಿದವನಿಗೆ ಅನ್ನದ ಬದಲು ಸಮಾಧಾನವನ್ನು ಬಡಿಸುವ ಹಾಡು ಎಂಬುದು ಅವರ ಆಕ್ಷೇಪಣೆ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಅಭಿಪ್ರಾಯಗಳಿಗೂ ತಳಹದಿ ಒಂದೇ. ಕವಿಯ ವಿಶ್ವಾಸವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಎರಡು ಪಕ್ಷದವರೂ ಒಪ್ಪಿಕೊಂಡಂತಿದೆ. ಈ ಒಪ್ಪಿಗೆಯು ಸಾಧುವೇ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಕೀರ್ತನೆಯೊಂದನ್ನೇ ಹಿಡಿದು ತೀರ್ಮಾನಿಸದೆ, ಅದೇ ಕವಿಯ ‘ರಾಮಧಾನ್ಯ ಚರಿತೆ’ಯೊಡನೆ ಅದನ್ನು ಸೇರಿಸಿ ಓದಬೇಕೆಂಬುದು ಇಲ್ಲಿಯ ವಾದ.

೨

ಮೊದಲು ಕೀರ್ತನೆಯ ತರ್ಕವನ್ನು ಗಮನಿಸೋಣ. ಯಾರೂ ಪಾತಿ ತೆಗೆದು ನೀರು ಹಾಯಿಸದ ಗುಡ್ಡದ ಮೇಲಣ ಮರ, ಯಾರೂ ಮೇವಿಕ್ಕದ ಕಾಡಿನ ಪ್ರಾಣಿಪಕ್ಷಿಗಳು, ಕಲ್ಲಿನೊಳಗೆ ಹುಟ್ಟಿದ ಕಪ್ಪೆ ಇವೆಲ್ಲ ಬದುಕಿರುವುದನ್ನು ಕವಿಯು ಸಾಕ್ಷ್ಯವಾಗಿ ಮುಂದಿಡುತ್ತಾನೆ. ಇಷ್ಟು ಜೀವಿಗಳನ್ನು ಪೊರೆಯುವವನು ನಿನ್ನೊಬ್ಬನನ್ನು ಕೈಬಿಡುವನೆಂದು ಏಕೆ ಅಂಜುವೆ ಎಂಬುದು ಅದರ ತಾತ್ಪರ್ಯ. ದೃಷ್ಟಾಂತಗಳ ಆಯ್ಕೆ ಲಕ್ಷಿಸತಕ್ಕದ್ದು. ಪುರಾಣದಲ್ಲಿ ಪ್ರಸಿದ್ಧರಾದ ಗಜೇಂದ್ರ, ಪ್ರಹ್ಲಾದರಂತಹ ಭಕ್ತರನ್ನು ಕವಿಯು ಇಲ್ಲಿ ಕರೆತಂದಿಲ್ಲ. ಕುರಿ ಕಾಯುವವನೂ ಕಲ್ಲು ಒಡೆಯುವವನೂ ತಮ್ಮ ಕಣ್ಣಿನಿಂದ ಕಂಡಿರಬಹುದಾದ ಸಂಗತಿಗಳನ್ನೇ ಆರಿಸಿಕೊಂಡಿದ್ದಾನೆ.

ಆದರೂ ಇತಿಹಾಸದ ಅಭ್ಯಾಸಿಯು ಒಂದು ಪ್ರಶ್ನೆಯನ್ನು ಕೇಳದಿರಲಾರನು. ೧೮೭೬-೭೮ರ ಕ್ಷಾಮದಲ್ಲಿ, ಎಂದರೆ ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಆ ಕಾಲದಲ್ಲಿ, ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನರು ಅಳಿದರು. ಅವರಲ್ಲಿ ಎಷ್ಟೋ ಮಂದಿ ಈ ಹಾಡನ್ನು ಬಲ್ಲವರೇ ಆಗಿದ್ದಿರಬೇಕು. ಬೆಟ್ಟದ ಮರವು ಉಳಿಯಿತು, ಅದರ ಬುಡದಲ್ಲಿ ಕುಳಿತ ಮನುಷ್ಯನು ಉಳಿಯಲಿಲ್ಲ. ದೇವರ ಅಚಲತೆ ಎಂದರೆ ಯಾವನೂ ಹಸಿವಿನಿಂದ ಸಾಯನೆಂಬ ಆಶ್ವಾಸನೆ ಎಂದೇ ಅರ್ಥವಾದರೆ, ಆ ಆಶ್ವಾಸನೆಯನ್ನು ಚರಿತ್ರೆಯು ಸುಳ್ಳು ಮಾಡಿದೆ. ಕ್ಷಾಮಗಳ ಇತಿಹಾಸವನ್ನು ಬೋಧಿಸತಕ್ಕವನು ಈ ಮಾತನ್ನು ಮರೆಮಾಚುವಂತಿಲ್ಲ. ಹೀಗಿರುವಲ್ಲಿ, ಕವಿಯು ಬರವನ್ನರಿಯದೆ ಹಾಡಿದನೋ, ಅರಿತೂ ಹಾಡಿದನೋ ಎಂಬುದು ವಿಚಾರಣೀಯವಾಗುತ್ತದೆ.

೩

ಕನಕದಾಸರು ೧೬ನೆಯ ಶತಮಾನದವರು. ಅವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಡ, ಅವರ ಅಂಕಿತದಲ್ಲಿ ಬರುವ ಆದಿಕೇಶವನ ಕಾಗಿನೆಲೆ ಇವೆರಡೂ ಇಂದಿನ ಹಾವೇರಿ ಜಿಲ್ಲೆಯಲ್ಲಿವೆ. ಈ ಸೀಮೆಯು ಮಲೆನಾಡಿಗೂ ಬಯಲುನಾಡಿಗೂ ನಡುವಣದು. ಪಡುವಣಕ್ಕೆ ಸರಿದರೆ ಭತ್ತದ ಗದ್ದೆ, ಮೂಡಣಕ್ಕೆ ಸರಿದರೆ ಮಳೆಯನ್ನೇ ನಂಬಿದ ಹೊಲ. ಎರಡು ಬಗೆಯ ಅನ್ನವನ್ನೂ ಎರಡು ಬಗೆಯ ಬದುಕನ್ನೂ ಹತ್ತಿರದಿಂದ ಕಾಣಲು ಅನುಕೂಲವಾದ ಸ್ಥಳವಿದು.

ಆ ಕಾಲದ ನಾಡಿನ ಸ್ಥಿತಿಗೆ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ವೃತ್ತಾಂತವು ಒಂದು ಸಾಕ್ಷ್ಯ. ಸುಮಾರು ೧೫೨೦-೨೨ರಲ್ಲಿ ವಿಜಯನಗರವನ್ನು ಕಂಡ ಈತನು ಅರಮನೆಯ ವೈಭವವನ್ನು ವರ್ಣಿಸಿರುವುದನ್ನು ಎಲ್ಲರೂ ಉದ್ಧರಿಸುತ್ತಾರೆ. ನೀರಿನ ವಿಷಯವಾಗಿ ಆತನು ಬರೆದಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ನಾಡು ವಿಸ್ತಾರವಾದುದು, ಹೊಳೆಗಳು ಕಡಮೆ, ಜನರು ಕೆರೆಗಳನ್ನು ಕಟ್ಟಿ ಮಳೆಯ ನೀರನ್ನು ಕೂಡಿಟ್ಟು ಬದುಕುತ್ತಾರೆ ಎಂದು ಹೇಳಿ, ಎಷ್ಟೋ ಕೆರೆಗಳು ಬತ್ತಿರುವುದನ್ನೂ, ಜನರು ಅವುಗಳ ಅಂಗಳದಲ್ಲಿ ತಿರುಗಾಡುತ್ತ ಗುಂಡಿ ತೋಡಿ ನೀರಿಗಾಗಿ ಹುಡುಕುವುದನ್ನೂ ಆತನು ತಿಳಿಸುತ್ತಾನೆ. ಮಳೆಯು ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಮೆ ಎಂಬುದೇ ಇದಕ್ಕೆ ಕಾರಣವೆಂದೂ ಸೂಚಿಸುತ್ತಾನೆ. ಸಾಮ್ರಾಜ್ಯವು ಉಚ್ಛ್ರಾಯದಲ್ಲಿದ್ದ ಕೃಷ್ಣದೇವರಾಯನ ಕಾಲದ ಮಾತಿದು. ೧೫೬೫ರ ತಾಳಿಕೋಟೆಯ ಯುದ್ಧದ ಬಳಿಕ ಉಂಟಾದ ಅವ್ಯವಸ್ಥೆಯನ್ನು ಇದಕ್ಕೆ ಕಾರಣವಾಗಿ ಹೇಳುವಂತಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಅನಿಶ್ಚಿತವಾದ ಮಳೆಯ ನಾಡಿನಲ್ಲಿ ನಿಂತು ಕವಿಯು ನಿಶ್ಚಿತನಾದ ದೇವರನ್ನು ಹಾಡಿದ್ದಾನೆ. ಅವನ ಭರವಸೆಯು ಸುಭಿಕ್ಷದಿಂದ ಹುಟ್ಟಿದ ಸಂತೃಪ್ತಿಯಲ್ಲ.

೪

ಇನ್ನು ‘ರಾಮಧಾನ್ಯ ಚರಿತೆ’ಯನ್ನು ನೋಡೋಣ. ಭಾಮಿನೀ ಷಟ್ಪದಿಯಲ್ಲಿರುವ ಈ ಕಿರುಕಾವ್ಯದ ಕಥೆ ಸುಪರಿಚಿತವಾದುದು. ಲಂಕೆಯಿಂದ ಹಿಂದಿರುಗುವ ಶ್ರೀರಾಮನಿಗೆ ಮುನಿಗಳ ಆಶ್ರಮದಲ್ಲಿ ನಾನಾ ಧಾನ್ಯಗಳ ಭಕ್ಷ್ಯಗಳ ಉಪಚಾರ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ಗೌತಮನು ನರೆದಲೆಗವನ್ನು, ಎಂದರೆ ರಾಗಿಯನ್ನು, ಹೊಗಳಿದಾಗ ವ್ರೀಹಿಯು, ಎಂದರೆ ಭತ್ತವು, ಕನಲಿ ಎದುರು ನಿಲ್ಲುತ್ತದೆ. ತಾನು ದೇವರ ನೈವೇದ್ಯಕ್ಕೂ ಮಂಗಳಕಾರ್ಯಗಳ ಅಕ್ಷತೆಗೂ ಒದಗುವೆನೆಂಬುದು ಅದರ ಗರ್ವ. ನೀನು ಸಿರಿವಂತರ ಕಡೆ ನೋಡುವವನು, ಬಡವರನ್ನು ಬಲ್ಲೆಯಾ, ಮಳೆ ಹೋದ ಕಾಲದಲ್ಲಿ ಎಲ್ಲಿರುತ್ತೀಯೆ ಎಂಬುದು ರಾಗಿಯ ಮರುಪ್ರಶ್ನೆ. ರಾಮನು ಒಡನೆ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದ ಮೇಲೆ ಭತ್ತವು ಸತ್ತ್ವಗುಂದಿರುತ್ತದೆ, ರಾಗಿಯು ಕುಂದದೆ ಉಳಿದಿರುತ್ತದೆ. ರಾಮನು ಅದಕ್ಕೆ ತನ್ನ ರಾಘವನೆಂಬ ಹೆಸರನ್ನೇ ಕೊಟ್ಟು ಮನ್ನಿಸುತ್ತಾನೆ.

ಈ ಕಾವ್ಯದಲ್ಲಿ ಕುಲಭೇದದ ಖಂಡನೆಯಿದೆ ಎಂದು ವಿದ್ವಾಂಸರು ಹೇಳಿರುವುದು ಯುಕ್ತವಾಗಿಯೇ ಇದೆ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಪಟ್ಟ ಮೂರು ಅಂಶಗಳನ್ನು ಇಲ್ಲಿ ಬೇರೆಯಾಗಿ ಎತ್ತಿ ಹೇಳಬೇಕು.

ಮೊದಲನೆಯದು, ಕೀರ್ತನೆಯಲ್ಲಿ ಹೆಸರಿಲ್ಲದೆ ನಡೆದ ರಕ್ಷಣೆಗೆ ಇಲ್ಲಿ ಕರಣವೊಂದು ಗೊತ್ತಾಗಿದೆ. ಬರಗಾಲದಲ್ಲಿ ಜನರನ್ನು ಪೊರೆಯುವ ದೇವರ ಕೈ ಒಂದು ಕಾಳಿನ ರೂಪದಲ್ಲಿ ಕಾಣಿಸುತ್ತದೆ. ರಕ್ಷಣೆಯು ಆಕಾಶದಿಂದ ಇಳಿಯದೆ, ಒಣಹೊಲದಲ್ಲಿ ಬಿತ್ತಿ ಬೆಳೆದುದರಿಂದ ಬರುತ್ತದೆ. ಹೀಗೆಂದ ಮೇಲೆ ಕವಿಯ ವಿಶ್ವಾಸದಲ್ಲಿ ದುಡಿಮೆಗೆ ಎಡೆಯಿಲ್ಲವೆನ್ನುವುದು ಸಲ್ಲದು.

ಎರಡನೆಯದು, ರಕ್ಷಣೆ ತಪ್ಪಿದಾಗ ದೋಷವು ಯಾರದೆಂಬುದನ್ನೂ ಕಾವ್ಯವು ಹೇಳುತ್ತದೆ. ಬಡವರನ್ನು ಕೈಬಿಡುವವನು ರಾಮನಲ್ಲ, ಸಿರಿವಂತರ ಕಣಜವನ್ನು ಸೇರುವ ಭತ್ತ. ದೇವರ ಅಚಲತೆಯು ಇಲ್ಲಿ ಸಮೃದ್ಧಿಗೆ ಹೊಣೆಯಾಗದೆ, ಕಣಜವುಳ್ಳವರನ್ನು ಅಳೆಯುವ ಅಳತೆಗೋಲಾಗಿದೆ. ಈ ಅಳತೆಗೋಲಿನಿಂದ ನೋಡಿದರೆ ೧೮೭೬-೭೮ರ ಸಾವುಗಳು ಕವಿಯ ಮಾತನ್ನು ಸುಳ್ಳಾಗಿಸುವುದಕ್ಕಿಂತ ಹೆಚ್ಚಾಗಿ, ಆಳಿದವರ ಮೇಲೆಯೂ ಧಾನ್ಯವನ್ನು ಕೂಡಿಟ್ಟವರ ಮೇಲೆಯೂ ಆಪಾದನೆಯಾಗಿ ನಿಲ್ಲುತ್ತವೆ.

ಮೂರನೆಯದೂ ಮುಖ್ಯವಾದುದೂ ಯಾವುದೆಂದರೆ, ಸೆರೆಯ ಪ್ರಸಂಗ. ತಪ್ಪಿಲ್ಲದ ರಾಗಿಗೂ ಗರ್ವಿಷ್ಠವಾದ ಭತ್ತಕ್ಕೂ ಒಂದೇ ಸೆರೆ, ಒಂದೇ ಅವಧಿ. ಸೆರೆಗೆ ಹಾಕಿಸಿದವನಾದರೋ ರಾಮನೇ. ರಾಗಿಯು ಇದನ್ನು ಅನ್ಯಾಯವೆಂದು ಭಾವಿಸಲು ಎಲ್ಲ ಕಾರಣಗಳೂ ಇದ್ದುವು. ಈ ಕಲ್ಪನೆಯ ಹಿಂದೆ ಒಕ್ಕಲುತನದ ಅನುಭವವೊಂದು ಅಡಗಿದೆಯೆಂದು ನನ್ನ ಊಹೆ. ರಾಗಿಯು ಬೇಗ ಹುಳು ಹಿಡಿಯದ ಧಾನ್ಯ. ನೆಲದೊಳಗಣ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕತ್ತಲೆಯಲ್ಲಿ ಹೂಳಲ್ಪಟ್ಟ ಕಾಳೇ ಬರ ಬಂದಾಗ ಮೇಲಕ್ಕೆ ಬಂದು ಊರನ್ನು ಉಳಿಸುತ್ತದೆ. ಕಾವ್ಯದ ಸೆರೆಮನೆಯು ರೈತನ ಹಗೇವೇ ಇರಬಹುದು. ಹಾಗಾದರೆ ಕವಿಯ ಮಾತಿನ ಸಾರವಿಷ್ಟು: ದೈವವನ್ನು ನಂಬಿದವನಿಗೆ ಸೆರೆ ತಪ್ಪುವುದಿಲ್ಲ, ಸೆರೆಯೊಳಗೆ ಸತ್ತ್ವ ಕುಂದದಿರುವುದೇ ನಂಬಿಕೆಯ ಫಲ.

೫

ಈ ದೃಷ್ಟಿಯಿಂದ ಕೀರ್ತನೆಗೆ ಹಿಂದಿರುಗಿದರೆ ಅದರ ಅರ್ಥವು ಬೇರೆಯಾಗಿ ಕಾಣುತ್ತದೆ. ಕವಿಯು ಮಾತನಾಡುತ್ತಿರುವುದು ಮನಸ್ಸಿನೊಡನೆ. ಅವನು ಬಿಡು ಎನ್ನುವುದು ಕಳವಳವನ್ನು, ಕೆಲಸವನ್ನಲ್ಲ. ಕಲ್ಲಿನೊಳಗಣ ಕಪ್ಪೆಯೂ ಸೆರೆಯೊಳಗಣ ರಾಗಿಯಂತೆಯೇ ಹೊರಬರುವ ದಾರಿ ಕಾಣದ ಜೀವಿ ಎಂಬುದನ್ನು ಮರೆಯಬಾರದು.

ಇದಕ್ಕೆ ‘ಹರಿಭಕ್ತಿಸಾರ’ದಿಂದಲೂ ಪುಷ್ಟಿ ದೊರೆಯುತ್ತದೆ. ಆ ಕೃತಿಯಲ್ಲಿ ಪದ್ಯಪದ್ಯದ ಕೊನೆಯಲ್ಲಿಯೂ ಎಡೆಬಿಡದೆ ಕಾಯಬೇಕೆಂಬ ಒಂದೇ ಬಿನ್ನಪವು ಮರಳಿ ಮರಳಿ ಬರುತ್ತದೆ. ರಕ್ಷಣೆಯು ತಾನಾಗಿಯೇ ಒದಗುವುದೆಂದು ನಿಶ್ಚಿಂತನಾಗಿ ಕುಳಿತವನು ಇಷ್ಟು ಸಲ ಕೇಳಿಕೊಳ್ಳಬೇಕಾಗಿರಲಿಲ್ಲ. ಕೀರ್ತನೆಯಲ್ಲಿ ಮನಸ್ಸಿಗೆ ಹೇಳಿದ ಮಾತನ್ನೇ ಕವಿಯು ಇಲ್ಲಿ ದೇವರಿಗೆ ನೆನಪಿಸುತ್ತಿದ್ದಾನೆ. ಸಮಾಧಾನವೂ ಒತ್ತಾಯವೂ ಒಂದೇ ವಿಶ್ವಾಸದ ಎರಡು ಮುಖಗಳು.

ಈ ವಾದಕ್ಕೆ ಮಿತಿಗಳಿಲ್ಲದಿಲ್ಲ. ಕೀರ್ತನೆಗಳು ಬಹುಕಾಲ ಬಾಯಿಂದ ಬಾಯಿಗೆ ನಡೆದು ಬಂದುವು. ೧೯ನೆಯ ಶತಮಾನದ ನಡುವೆ ಮೋಗ್ಲಿಂಗ್ ಮೊದಲಾದವರ ಪ್ರಯತ್ನದಿಂದ ದಾಸರ ಪದಗಳು ಅಚ್ಚಿಗೆ ಬರತೊಡಗಿದುವು. ಆದಕಾರಣ ಒಂದೊಂದು ಶಬ್ದದ ಮೇಲೆ ಭಾರ ಹಾಕುವುದು ತರವಲ್ಲ. ಕೀರ್ತನೆ, ಕಾವ್ಯಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಆಧರಿಸಿಯೂ ಇಲ್ಲಿ ವಾದವನ್ನು ಹೂಡಿಲ್ಲ. ಕವಿಯ ಜೀವನದ ಐತಿಹ್ಯಗಳನ್ನು ಹಾಡುಗಳಿಗೆ ಕಾರಣವನ್ನಾಗಿಯೂ, ಹಾಡುಗಳನ್ನು ಆ ಐತಿಹ್ಯಗಳಿಗೆ ಪ್ರಮಾಣವನ್ನಾಗಿಯೂ ಹಿಡಿಯುವ ಚಕ್ರಕ ಕ್ರಮವನ್ನು ಬುದ್ಧಿಪೂರ್ವಕವಾಗಿಯೇ ಬಿಡಲಾಗಿದೆ.

ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು: ಬತ್ತಿದ ಕೆರೆಯ ಅಂಗಳದಲ್ಲಿ ಗುಂಡಿ ತೋಡುತ್ತಿದ್ದ ಜನರ ನಡುವೆ ಈ ವಿಶ್ವಾಸವು ಬೆಳೆಯಿತು. ಗುಂಡಿ ತೋಡುವ ಕೈಯನ್ನು ಅದು ತಡೆಯಲಿಲ್ಲ. ನೀರು ಕಾಣುವವರೆಗೂ ಆ ಕೈ ಸೋಲದಂತೆ ನೋಡಿಕೊಳ್ಳುವುದೇ ಅದರ ಕೆಲಸವಾಗಿತ್ತು.