ಕೊರತೆಯ ಬೆಲೆಯೋ, ಆದೇಶದ ಬೆಲೆಯೋ?

ಟೆಕ್ಸಾಸ್‌ನ ವಿದ್ಯುತ್ ಮಾರುಕಟ್ಟೆಗೆ ಅರ್ಥಶಾಸ್ತ್ರದ ವಲಯದಲ್ಲಿ ದೊಡ್ಡ ಹೆಸರಿದೆ. 2002ರಿಂದ ಅಲ್ಲಿನ ಬಹುಪಾಲು ಮನೆಗಳು ತಮಗೆ ಬೇಕಾದ ಕಂಪನಿಯಿಂದ ಕರೆಂಟ್ ಕೊಳ್ಳುತ್ತಿವೆ. ಬೆಲೆ ಕಟ್ಟುವುದು ಪೈಪೋಟಿ, ಸರ್ಕಾರವಲ್ಲ ಎಂಬ ನಂಬಿಕೆಯೇ ಆ ಹೆಸರಿನ ತಳಹದಿ. ಅದು ಯೋಗ್ಯತೆಗೆ ಮೀರಿದ ಹೆಸರು ಎನ್ನಲು ನನಗೆ ಒಂದೇ ಆಧಾರ ಸಾಕು: 2021ರ ಫೆಬ್ರವರಿ 15ರಂದು ರಾಜ್ಯದ ಸಾರ್ವಜನಿಕ ಸೇವಾ ಆಯೋಗ ಹೊರಡಿಸಿದ ಆದೇಶ.

ಆ ವಾರ ರಾಜ್ಯವನ್ನು ಕತ್ತಲೆಗೆ ದೂಡಿದ ಯುರಿ ಎಂಬ ಹಿಮಬಿರುಗಾಳಿಯ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಮಂದಿ ಸತ್ತರು. ವಾದವೆಲ್ಲ ನಡೆದದ್ದು ಕರೆಂಟ್ ಹೋಗಲು ಗಾಳಿಯಂತ್ರಗಳೇ ಕಾರಣವೇ ಎಂಬುದರ ಮೇಲೆ. ಅತಿ ಹೆಚ್ಚು ಕೈಕೊಟ್ಟದ್ದು ಅನಿಲ ಸ್ಥಾವರಗಳು ಎಂದು ತನಿಖೆಯೇ ಹೇಳಿದ ಮೇಲೂ ಆ ಜಗಳ ನಿಲ್ಲಲಿಲ್ಲ. ಅದರ ಗದ್ದಲದಲ್ಲಿ ಆದೇಶವನ್ನು ಓದಿದವರೇ ಕಡಿಮೆ.

ಓದೋಣ. ಸಗಟು ಬೆಲೆ ಆ ದಿನ ಮೆಗಾವಾಟ್-ಅವರ್‌ಗೆ ಸುಮಾರು 1,200 ಡಾಲರ್‌ವರೆಗೂ ಇಳಿದಿತ್ತು. ಮಾಮೂಲಿ ದಿನಗಳಲ್ಲಿ ಅದು ಹತ್ತಾರು ಡಾಲರ್ ಅಷ್ಟೆ. ಇಳಿದದ್ದು ತಪ್ಪು ಎಂದಿತು ಆಯೋಗ. ಲೋಡ್ ಶೆಡ್ಡಿಂಗ್ ನಡೆಯುತ್ತಿದೆ ಎಂದರೆ ಕೊರತೆ ತುತ್ತತುದಿಯಲ್ಲಿದೆ, ಹಾಗಾಗಿ ಬೆಲೆಯೂ ತುತ್ತತುದಿಯಲ್ಲೇ ಇರಬೇಕು ಎಂಬುದು ಅದರ ತರ್ಕ. ತುತ್ತತುದಿ ಎಂದರೆ ನಿಯಮದ ಗರಿಷ್ಠ ಮಿತಿಯಾದ 9,000 ಡಾಲರ್, ಅಂದರೆ ಯೂನಿಟ್‌ಗೆ ಒಂಬತ್ತು ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 650 ರೂಪಾಯಿ.

ಈ ವಾದದಲ್ಲಿ ಒಂದಷ್ಟು ಹುರುಳಿದೆ. ಸಂಪರ್ಕ ಕಡಿದ ಮನೆಗಳ ಬೇಡಿಕೆ ಬೆಲೆ ಕಟ್ಟುವ ಸಾಫ್ಟ್‌ವೇರಿನ ಲೆಕ್ಕಕ್ಕೆ ಬಾರದ ಕಾರಣ, ಕೊರತೆ ಇದ್ದುದಕ್ಕಿಂತ ಕಡಿಮೆ ಕಂಡಿತ್ತು. ಆದರೆ ತನ್ನ ಮಾತಿಗೆ ಆಯೋಗವೇ ನಿಲ್ಲಲಿಲ್ಲ. ಲೋಡ್ ಶೆಡ್ಡಿಂಗ್ 17ರ ನಡುರಾತ್ರಿಯ ಹೊತ್ತಿಗೆ ಮುಗಿಯಿತು. ಬೆಲೆ ಮಾತ್ರ 19ರ ಬೆಳಗಿನವರೆಗೂ ಅಲ್ಲೇ ನಿಂತಿತು. ಆದೇಶದ ತರ್ಕಕ್ಕೇ ಹೊರತಾದ ಆ ಸುಮಾರು 32 ಗಂಟೆಗಳು ಮಾರುಕಟ್ಟೆಯ ಮೇಲೆ ಹೊರಿಸಿದ್ದು ಅದರ ಸ್ವತಂತ್ರ ಮೇಲ್ವಿಚಾರಕರ ಮೊದಲ ಅಂದಾಜಿನಲ್ಲಿ 1,600 ಕೋಟಿ ಡಾಲರ್. ಬೆಲೆಯನ್ನು ಸರಿಪಡಿಸಿ ಎಂದು ಅವರು ಕೇಳಿದರು, ಆಯೋಗ ಒಪ್ಪಲಿಲ್ಲ. ಆದೇಶ ಕಾನೂನುಬದ್ಧ ಎಂದು 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಕಾನೂನುಬದ್ಧವಾದ ಮಾತ್ರಕ್ಕೆ ಅದು ಮಾರುಕಟ್ಟೆಯ ಬೆಲೆ ಆಗಿಬಿಡುವುದಿಲ್ಲ.

ಈ ಮಾರುಕಟ್ಟೆಯ ಕೊರತೆ-ಬೆಲೆಗೆ ಸೂತ್ರ ಕೊಟ್ಟ ಹಾರ್ವರ್ಡ್‌ನ ವಿಲಿಯಂ ಹೋಗನ್, ಕೊರತೆ ಹತ್ತಿರವಾದಂತೆ ಬೆಲೆ ಏರುವುದೇ ಬೇಕಾದದ್ದು ಎಂಬ ನಿಲುವಿಗೆ ಅಂಟಿಕೊಂಡರು. ಇಲ್ಲಿ ನಾನು ಅವರನ್ನು ಒಪ್ಪಲಾರೆ. ಏರಿದ ಬೆಲೆ ಯಾರದೋ ಕಿವಿಗೆ ಬಿದ್ದು, ಅವರು ಏನಾದರೂ ಮಾಡುವಂತಿದ್ದರೆ ಮಾತ್ರ ಅದು ಸಂದೇಶ. ಹೆಪ್ಪುಗಟ್ಟಿದ ಅನಿಲದ ಕೊಳವೆಯನ್ನು ಎಷ್ಟು ಡಾಲರ್ ಕೊಟ್ಟರೂ ಆ ರಾತ್ರಿಯೇ ಕರಗಿಸಲಾಗದು. ಕರೆಂಟೇ ಇಲ್ಲದ ಮನೆ ಬಳಕೆ ತಗ್ಗಿಸುವುದಾದರೂ ಹೇಗೆ? ಸಗಟು ಬೆಲೆಯನ್ನೇ ನೇರವಾಗಿ ದಾಟಿಸುತ್ತಿದ್ದ ಗ್ರಿಡ್ಡಿ ಕಂಪನಿಯ ಗ್ರಾಹಕರ ಕೈಸೇರಿದ್ದು ಸಾವಿರಾರು ಡಾಲರ್‌ಗಳ ಬಿಲ್ಲು. ಆ ಕಂಪನಿ ಮಾರ್ಚ್‌ನಲ್ಲೇ ದಿವಾಳಿಯಾಯಿತು.

ನಿಯಂತ್ರಣ ತೆಗೆದ ಮಾರುಕಟ್ಟೆಯಲ್ಲಿ ಬೆಲೆಯನ್ನು ಏರಿಸುವುದು ಇಂಧನ, ಹವಾಮಾನ, ಬೇಡಿಕೆ ಎಂದು ಪಠ್ಯಗಳು ಪಟ್ಟಿ ಮಾಡುತ್ತವೆ. ಮಾಮೂಲಿ ದಿನಗಳ ಮಟ್ಟಿಗೆ ಆ ಪಟ್ಟಿ ಸರಿ. ಬಳಕೆದಾರನ ಬೆನ್ನು ಮುರಿಯುವ ದಿನಗಳಲ್ಲಿ ಬೆಲೆ ಕಟ್ಟುವುದು ಮಿತಿಯ ನಿಯಮ, ಮತ್ತು ಅದನ್ನು ಪ್ರಯೋಗಿಸುವ ಕೈ. ಆ ಮಿತಿಯನ್ನು 2022ರಿಂದ 5,000 ಡಾಲರ್‌ಗೆ ಇಳಿಸಿದ್ದೂ ಅದೇ ಆಯೋಗ. ಆ ವಾರದ ಬಾಕಿಗಾಗಿ ಎತ್ತಿದ ಸಾಲದ ಕಂತುಗಳನ್ನು ಟೆಕ್ಸಾಸ್‌ನ ಬಳಕೆದಾರರು ಇನ್ನೂ ಹಲವು ವರ್ಷ ಕಟ್ಟಲಿದ್ದಾರೆ.